ಜಾರ್ತದೆ ಅನ್ನುವವರು ಮೆಟ್ಟಿಲು ತೋರಿಸಲಿ

ಮಾನ್ಯ ಸಂಪಾದಕರಿಗೆ,

ಕಳೆದ ತಿಂಗಳು ಕೇರಳದ ಕಾಸರಗೋಡಿನ ನಮ್ಮ ಊರಿನ ಶಾಲೆಯ ಪಿಟಿಎ (ರಕ್ಷಕ-ಶಿಕ್ಷಕ ಸಂಘ) ಮೀಟಿಂಗಿನಲ್ಲಿ ಎರಡು ಮಾತು ಕೇಳಿದೆ, ಆವತ್ತಿನಿಂದ ತಲೆಯಲ್ಲಿ ಅದೇ ತಿರುಗ್ತಾ ಉಂಟು, ಹಾಗಾಗಿ ಬರೀತಿದ್ದೇನೆ. ಮೂರನೇ ಕ್ಲಾಸಿನ ಕನ್ನಡ ಮೀಡಿಯಂ ಮಕ್ಕಳಿಗೆ ಕನ್ನಡ ಬಾರದ ಒಬ್ಬರು ಟೀಚರ್ ಬಂದಿದ್ದಾರೆ. ಲೆಕ್ಕವೂ ಅವರೇ, ಪರಿಸರ ಅಧ್ಯಯನವೂ ಅವರೇ. ಅವರದ್ದು ತಪ್ಪಿಲ್ಲ ಪಾಪ, ಆರ್ಡರ್ ಬಂತು ಜಾಯಿನ್ ಆದ್ರು. ನಾವು ರಕ್ಷಕರು ತಕರಾರು ಎತ್ತಿದಾಗ ಮೀಟಿಂಗಿಗೆ ಬಂದಿದ್ದ ಒಬ್ಬ ಆಫೀಸರು ಹೇಳಿದ್ದು, "ನಿಮ್ಮ ಮಾತು ಕೇಳಿ ಇವರನ್ನು ಬದಲಾಯಿಸಿದ್ರೆ ನಾಳೆ ತುಳುವಿನವರು ಬರ್ತಾರೆ, ನಾಡಿದ್ದು ಕೊಂಕಣಿ, ಬ್ಯಾರಿ, ಮರಾಠಿ ಎಲ್ಲರೂ ಅವರವರ ಭಾಷೆಯ ಟೀಚರ್ ಕೇಳ್ತಾರೆ, ಮತ್ತೆ ಡಿಪಾರ್ಟ್‌ಮೆಂಟ್ ನಡೆಸ್ಲಿಕ್ಕೆ ಉಂಟಾ?" ಕೂಡಲೇ ನಮ್ಮವರೇ ಒಬ್ಬ ಹಿರಿಯರು ಎದ್ದು, "ಇವತ್ತು ಮಕ್ಕಳಿಗೆ ಮಲಯಾಳ ಅಕ್ಷರ ಕಲಿಸಿದ್ರೆ ಹತ್ತು ವರ್ಷದಲ್ಲಿ ಕಾಸರಗೋಡಿನಲ್ಲಿ ಕನ್ನಡ ಅನ್ನುವ ಶಬ್ದವೇ ಇರ್ಲಿಕ್ಕಿಲ್ಲ" ಅಂದ್ರು. ಚಪ್ಪಾಳೆ ಬಿತ್ತು.

ಇಬ್ಬರೂ ಎದುರು ಬದುರು, ಆದ್ರೆ ವಾದ ಒಂದೇ. ಇಂಗ್ಲಿಷಿನವರು ಇದಕ್ಕೆ ಸ್ಲಿಪರಿ ಸ್ಲೋಪ್ ಅಂತಾರೆ, ಜಾರುಬಂಡಿ ವಾದ ಅನ್ನೋಣ. ಬೆರಳು ಕೊಟ್ಟರೆ ಹಸ್ತ ನುಂಗ್ತಾರೆ ಅನ್ನುವುದೇ ಅದರ ತಿರುಳು. ತಾಳಮದ್ದಳೆಯಲ್ಲಿ ನಾವೆಲ್ಲ ಇದನ್ನು ಎಷ್ಟು ಸಲ ಕೇಳಿಲ್ಲ, ಕೃಷ್ಣ ಐದು ಊರು ಕೇಳಿದ್ರೆ ಕೌರವ ಸೂಜಿಮೊನೆ ಊರುವಷ್ಟು ಜಾಗವೂ ಇಲ್ಲ ಅಂತಾನೆ, ಪಾತ್ರದ ಮಾತು ಹೇಳುವ ಅರ್ಥಧಾರಿ ಗಟ್ಟಿಗರಾದ್ರೆ ಇವತ್ತು ಐದೂರು ನಾಳೆ ಅರ್ಧ ರಾಜ್ಯ ಅಂತ ಎಷ್ಟು ಚಂದ ಸಮರ್ಥನೆ ಮಾಡ್ತಾರೆ ಅಂದ್ರೆ ಕೂತವರಿಗೂ ಒಂದು ಗಳಿಗೆ ಹೌದಲ್ವಾ ಅನ್ನಿಸ್ತದೆ. ಆದ್ರೆ ಐದು ಊರಿನಿಂದ ಅರ್ಧ ರಾಜ್ಯಕ್ಕೆ ಹೇಗೆ ಹೋಗ್ತದೆ ಅಂತ ಕೌರವ ಹೇಳುವುದಿಲ್ಲ, ನಡುವಿನ ದಾರಿ ಖಾಲಿ.

ಲಾಜಿಕ್ ಪುಸ್ತಕಗಳಲ್ಲಿ ಇದನ್ನು ತಪ್ಪು ವಾದಗಳ ಪಟ್ಟಿಗೆ ಸೇರಿಸಿ ಮುಗಿಸ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ, ಕೆಲವು ಸಲ ನಿಜವಾಗಿಯೂ ಜಾರ್ತದೆ. ನಮ್ಮ ಶಾಲೆಯದ್ದೇ ನೋಡಿ. ಟೀಚರ್ ಹೇಳಿದ್ದು ಮಗುವಿಗೆ ಅರ್ಥ ಆಗುವುದಿಲ್ಲ, ಮಗು ಮನೆಗೆ ಬಂದು ಅಳ್ತದೆ, ಅಪ್ಪ ಅಮ್ಮ ಟಿಸಿ ತಗೊಂಡು ಇಂಗ್ಲಿಷ್ ಮೀಡಿಯಂಗೆ ಹಾಕ್ತಾರೆ, ಜೂನಿನಲ್ಲಿ ಆರನೇ ಕೆಲಸದ ದಿನ ಶಾಲೆಯ ಮಕ್ಕಳ ತಲೆ ಎಣಿಸುವಾಗ ಸ್ಟ್ರೆಂತ್ ಕಮ್ಮಿ, ಡಿವಿಷನ್ (ತರಗತಿಯ ವಿಭಾಗ) ಹೋಯ್ತು, ಡಿವಿಷನ್ ಹೋದ್ರೆ ಪೋಸ್ಟೂ ಹೋಯ್ತು, ಮತ್ತೆ ಕನ್ನಡ ಕಲಿತು ಟೀಚರ್ ಆಗ್ಬೇಕು ಅನ್ನುವ ಹುಡುಗಿಗೆ ಕೆಲಸ ಎಲ್ಲಿ? ಪ್ರತಿಯೊಂದು ಮೆಟ್ಟಿಲನ್ನೂ ಕೈ ಇಟ್ಟು ತೋರಿಸಬಹುದು. ಗ್ರೀಕರ ಯುಬುಲಿಡೀಸ್ ಎಂಬವನ ಹೆಸರಿನಲ್ಲಿ ರಾಶಿಯ ಸಮಸ್ಯೆ ಅಂತ ಒಂದುಂಟು, ಅಡಿಕೆ ರಾಶಿಯಿಂದ ಒಂದು ಅಡಿಕೆ ತೆಗೆದ್ರೆ ರಾಶಿ ರಾಶಿಯೇ, ಇನ್ನೊಂದು ತೆಗೆದ್ರೂ ರಾಶಿಯೇ, ಹಾಗಾದ್ರೆ ರಾಶಿ ಹೋದದ್ದು ಯಾವಾಗ ಅಂತ. ಒಂದು ಮಗು ಹೋದ್ರೆ ಶಾಲೆ ಮುಚ್ಚುವುದಿಲ್ಲ ಅಂತ ನಾವೂ ಹಾಗೇ ಹೇಳ್ತಾ ಬಂದೆವು.

ಆದ್ರೆ ಆ ಹಿರಿಯರ ಮಾತಿಗೆ ಅಂಥ ಮೆಟ್ಟಿಲು ಇಲ್ಲ. ಅವರ ಭಯ ನನಗೆ ಅರ್ಥ ಆಗ್ತದೆ, 1956 ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ರು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂದ್ರೂ ಏನೂ ಆಗ್ಲಿಲ್ಲ, ಅಷ್ಟು ನೋಡಿದವರಿಗೆ ಎಲ್ಲದರಲ್ಲೂ ಜಾರಿಕೆ ಕಾಣ್ತದೆ. ಆದ್ರೂ ಮನೆಯಲ್ಲಿ ತುಳು ಅಥವಾ ಹವ್ಯಕ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಅಂತ ಬೆಳೆದವರು ನಾವು. ಇನ್ನೊಂದು ಅಕ್ಷರಮಾಲೆ ಕಲಿತ ಕಾರಣಕ್ಕೆ ಕನ್ನಡ ಬಿಟ್ಟವರನ್ನು ನಾನು ನೋಡಿಲ್ಲ, ಕನ್ನಡದಲ್ಲಿ ಪಾಠ ಸಿಗದೆ ಬಿಟ್ಟವರನ್ನು ನೋಡಿದ್ದೇನೆ.

ಇನ್ನು ಆಫೀಸರ ಮಾತು. ಒಂದು ನಿಯಮ ಬೇಡದ ಕಡೆಗೂ ಹಬ್ಬುವುದಕ್ಕೆ ನಮ್ಮ ತರ್ಕಶಾಸ್ತ್ರದಲ್ಲಿ ಅತಿಪ್ರಸಂಗ ಅಂತಾರೆ, ಅವರ ಹೆದರಿಕೆ ಅದು. ಅದಕ್ಕೆ ಮದ್ದು ನಿಯಮಕ್ಕೆ ಸರಿಯಾದ ಬೇಲಿ ಹಾಕುವುದು, ನಿಯಮವನ್ನೇ ಬಿಡುವುದಲ್ಲ. ನಾವು ಹೊಸ ಮೀಡಿಯಂ ಕೇಳ್ಲಿಲ್ಲ, ಇರುವ ಕನ್ನಡ ಮೀಡಿಯಂಗೆ ಕನ್ನಡ ಬರುವವರನ್ನು ಕೇಳಿದ್ದು. ಅವರು ಹೆಸರು ಹೇಳಿದ ತುಳು, ಕೊಂಕಣಿ, ಮರಾಠಿ ಮನೆಯ ಮಕ್ಕಳೇ ಆ ಕ್ಲಾಸಿನಲ್ಲಿ ಕೂತಿರುವುದು! ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರೈಮರಿ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಕೊಡ್ಲಿಕ್ಕೆ ರಾಜ್ಯ ಪ್ರಯತ್ನ ಮಾಡ್ಬೇಕು ಅಂತದೆ, ನಾಳೆ ತುಳುವಿನವರು ಅದನ್ನು ಹಿಡಿದು ಬಂದ್ರೆ ನಾಳೆ ಅವರ ಮಾತನ್ನೂ ಕೇಳ್ಬೇಕು, ಅದರಲ್ಲಿ ಅನಾಹುತ ಎಂತದ್ದು?

ಬೇಲಿ ಹಾಕ್ಲಿಕ್ಕೆ ಆಗ್ತದೆ ಅನ್ನುವುದಕ್ಕೆ ಸಾವಿನ ವಿಷಯವೇ ಸಾಕ್ಷಿ. ಗುಣವಾಗದ ರೋಗಿಯ ಚಿಕಿತ್ಸೆ ನಿಲ್ಲಿಸುವ ಪ್ರಶ್ನೆಯಲ್ಲಿ, ಇಷ್ಟಕ್ಕೆ ಬಿಟ್ಟರೆ ನಾಳೆ ಆಸ್ತಿಗಾಗಿ ಮುದುಕರನ್ನು ಸಾಯಿಸ್ತಾರೆ ಅನ್ನುವ ಭಯ ಇತ್ತು, ಸುಳ್ಳು ಭಯವೂ ಅಲ್ಲ. ಸುಪ್ರೀಂ ಕೋರ್ಟು 2018ರಲ್ಲಿ ಅದಕ್ಕೆ ಬಾಗಿಲು ಮುಚ್ಚಲಿಲ್ಲ, ವೈದ್ಯರ ಎರಡು ಮಂಡಳಿ, ಮೇಲೆ ಮ್ಯಾಜಿಸ್ಟ್ರೇಟ್ ಅಂತ ತಡೆ ಇಟ್ಟಿತು. ಅದು ತೀರಾ ಕಷ್ಟ ಆಯ್ತು ಅಂತ 2023ರಲ್ಲಿ ಸ್ವಲ್ಪ ಸಡಿಲ ಮಾಡಿತು. ಪ್ರಾಣದ ವಿಷಯದಲ್ಲಿ ಗೆರೆ ಎಳೀಲಿಕ್ಕೆ ಆಗುವುದಾದ್ರೆ ಒಬ್ಬ ಟೀಚರ್ ಪೋಸ್ಟಿಗೆ ಆಗುವುದಿಲ್ವಾ?

ಸಂಬಂಧಪಟ್ಟವರು ನಮ್ಮ ಬೇಡಿಕೆ ಒಪ್ಪುವುದಿಲ್ಲ ಅಂತಾದ್ರೆ ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಜಾರ್ತದೆ ಅಂತ ಬರವಣಿಗೆಯಲ್ಲಿ ಕೊಡಲಿ, ನಾವು ಓದಿ ಉತ್ತರ ಕೊಡ್ತೇವೆ. ಆದ್ರೆ ಜೂನಿನ ತಲೆ ಎಣಿಕೆಗೆ ಮೊದಲು ಆಗ್ಬೇಕು. ಎರಡು ಮಕ್ಕಳ ಟಿಸಿ ಅರ್ಜಿ ಈಗಾಗಲೇ ಹೆಡ್‌ಮಾಸ್ಟರ ಮೇಜಿನ ಮೇಲೆ ಉಂಟು.

– ಓರ್ವ ರಕ್ಷಕ, ಬದಿಯಡ್ಕ ಸಮೀಪ, ಕಾಸರಗೋಡು