ಮಗಳಿಗೊಂದು ಪತ್ರ: ಸಿಲಿಂಡರಿನಲ್ಲಿ ನೀರಿಲ್ಲ

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉರಿ ಸಣ್ಣಗಾಗಿದೆ, ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಗಳಗಳ ಅನ್ನುತ್ತಿದೆ, ಹೊರಗೆಲ್ಲ ಬೆವರಿದೆ, ಏಜೆನ್ಸಿಯವರು ನೀರು ತುಂಬಿ ಕೊಟ್ಟಿದ್ದಾರಾ ಅಂತ ನಿನ್ನ ಅನುಮಾನ. ಪಕ್ಕದ ರೂಮಿನವಳು ಅದನ್ನು ಅಡ್ಡ ಮಲಗಿಸು, ಇಲ್ಲಾಂದ್ರೆ ಬಿಸಿನೀರಿನ ಟಬ್ಬಿನಲ್ಲಿ ಇಡು ಅಂದಳಂತೆ. ಎರಡನ್ನೂ ಮಾಡಬೇಡ.

ಆ ಗಳಗಳ ನೀರಿನದ್ದಲ್ಲ, ಗ್ಯಾಸಿನದ್ದೇ. ಎಲ್‌ಪಿಜಿ ಅಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಎರಡೂ ಹೊರಗೆ ಅನಿಲ, ಒತ್ತಿ ತುಂಬಿದರೆ ದ್ರವ. ನಿನ್ನ ಸಿಲಿಂಡರಿನಲ್ಲಿ ಒಟ್ಟು 33 ಲೀಟರಿನಷ್ಟು ಜಾಗ ಇದೆ. ತುಂಬುವುದು 14.2 ಕಿಲೋ, ಅಂದರೆ ಸುಮಾರು 26 ಲೀಟರ್ ದ್ರವ. ಉಳಿದ ಜಾಗ ಬೇಕಂತಲೇ ಬಿಟ್ಟಿದ್ದು. ಬಿಸಿಲಿಗೆ ದ್ರವ ಹಿಗ್ಗಿದರೆ ಅದಕ್ಕೆ ಜಾಗ ಬೇಕಲ್ವಾ? ಆ 26 ಲೀಟರ್ ಹೊರಗೆ ಬಂದು ಅನಿಲವಾದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಆರೂವರೆ ಸಾವಿರ ಲೀಟರ್! ನಿನ್ನ ಆ ಪುಟ್ಟ ಅಡುಗೆಮನೆ ನೆಲದಿಂದ ಚಾವಣಿವರೆಗೆ ತುಂಬುವಷ್ಟು.

ಒಲೆಗೆ ಹೋಗುವುದು ಮೇಲೆ ನಿಂತಿರುವ ಆವಿ ಮಾತ್ರ. ನೀನು ನಾಬ್ ತಿರುಗಿಸಿದಾಗ ಸ್ವಲ್ಪ ಆವಿ ಹೊರಟುಹೋಗುತ್ತದೆ, ಒಳಗಿನ ಒತ್ತಡ ಚೂರು ಇಳಿಯುತ್ತದೆ, ಕೆಳಗಿನ ದ್ರವ ಕುದಿದು ಆ ಜಾಗ ತುಂಬುತ್ತದೆ. ಕುದಿಯುವುದು ಅಂದಕೂಡಲೇ ನಮಗೆ ಬಿಸಿ ನೆನಪಾಗುತ್ತದೆ. ಇಲ್ಲಿ ಉಲ್ಟಾ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಕುದಿಯಲು ಬೇಕಾದ ಶಾಖವನ್ನು ದ್ರವ ತನ್ನಿಂದ, ಉಕ್ಕಿನ ಗೋಡೆಯಿಂದ, ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಗೋಡೆ ತಣ್ಣಗಾಗಿ, ಗಾಳಿಯಲ್ಲಿರುವ ತೇವ ಅದರ ಮೇಲೆ ಕೂರುತ್ತದೆ. ನೀನು ನೋಡಿದ ಬೆವರು ಅದೇ.

ಈಗ ನಿನ್ನ ಉರಿಯ ವಿಷಯ. ಸಿಲಿಂಡರಿನಲ್ಲಿ ದ್ರವ ಇರುವವರೆಗೆ ಒತ್ತಡ ನಿಂತಿರುವುದು ಮುಖ್ಯವಾಗಿ ಅದು ಎಷ್ಟು ಬೆಚ್ಚಗಿದೆ ಅನ್ನುವುದರ ಮೇಲೆ, ಎಷ್ಟು ಉಳಿದಿದೆ ಅನ್ನುವುದರ ಮೇಲಲ್ಲ. ಅದಕ್ಕೇ ನಮ್ಮೂರಿನಲ್ಲಿ ಕೊನೇ ದಿನದವರೆಗೂ ಉರಿ ಚೆನ್ನಾಗಿಯೇ ಇದ್ದು, ನೆಂಟರು ಬಂದ ದಿನ ಪಟ್ಟಂತ ನಿಂತುಬಿಡುವುದು. ಡೆಹ್ರಾಡೂನಿನ ಜನವರಿ ಬೇರೆ. ಅಡುಗೆಮನೆಯೇ ತಣ್ಣಗಿದೆ. ಸುಲಭವಾಗಿ ಹಾರುವ ಪ್ರೊಪೇನ್ ಮೊದಲು ಜಾಸ್ತಿ ಖರ್ಚಾಗಿ, ತಳದಲ್ಲಿ ಬ್ಯುಟೇನ್ ಪಾಲು ಹೆಚ್ಚಾಗಿದೆ. ಅದರ ಮೇಲೆ ನೀನು ಎರಡೂ ಬರ್ನರ್ ಜೋರಾಗಿ ಹಚ್ಚಿದರೆ ಉಳಿದ ದ್ರವ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಕುದಿಯಲು ಶಕ್ತಿ ಸಾಲುವುದಿಲ್ಲ. ಒಂದು ಗಂಟೆ ಸುಮ್ನೆ ಬಿಡು, ಮತ್ತೆ ಉರಿಯುತ್ತದೆ. ಏಜೆನ್ಸಿಯವರ ಮೇಲೆ ಜಗಳಕ್ಕೆ ಹೋಗುವ ಮೊದಲು ಇದನ್ನು ನೋಡು.

ಅಡ್ಡ ಮಲಗಿಸಿದರೆ ಏನಾಗುತ್ತದೆ ಅಂತ ಈಗ ನೀನೇ ಹೇಳಬಲ್ಲೆ. ವಾಲ್ವಿನ ಬಾಯಿಗೆ ಆವಿ ಬದಲು ದ್ರವ ಬರಬಹುದು. ಪೈಪಿಗೆ ನುಗ್ಗಿದ ಒಂದು ಲೋಟ ದ್ರವ 250 ಲೋಟ ಗ್ಯಾಸ್ ಆಗಿ ಬರ್ನರಿನಿಂದ ಹೊರಗೆ ಬಂದರೆ ಉರಿ ನಿನ್ನ ಮುಖದ ಎತ್ತರಕ್ಕೆ ಬರುತ್ತದೆ. ಬಿಸಿನೀರಿನ ಉಪಾಯವೂ ಬೇಡ, ಒತ್ತಡ ಎಲ್ಲಿಗೆ ಏರುತ್ತದೆ ಅಂತ ನಿನಗೆ ತಿಳಿಯುವುದಿಲ್ಲ.

ಆಕಾರದ ಬಗ್ಗೆಯೂ ಕೇಳಿದ್ದೆಯಲ್ಲ, ಮೂಲೆಯಲ್ಲಿ ಚೆನ್ನಾಗಿ ಕೂರುವಂತೆ ಚೌಕದ ಡಬ್ಬಿ ಯಾಕೆ ಮಾಡಲ್ಲ ಅಂತ. ಒಳಗಿನ ಒತ್ತಡ ಎಲ್ಲ ಕಡೆಗೂ ಒಂದೇ ಸಮ ತಳ್ಳುತ್ತದೆ. ಚಪ್ಪಟೆ ಗೋಡೆ ಉಬ್ಬುತ್ತದೆ, ಮೂಲೆ ಬಿರಿಯುತ್ತದೆ. ಗೋಳವೇ ಎಲ್ಲಕ್ಕಿಂತ ಗಟ್ಟಿ. ದೊಡ್ಡ ಗ್ಯಾಸ್ ಘಟಕಗಳಲ್ಲಿ ಗುಂಡನೆಯ ಟ್ಯಾಂಕುಗಳು ಇರುವುದು ಅದಕ್ಕೇ. ಆದರೆ ಗೋಳವನ್ನು ಅಡುಗೆಮನೆಯಲ್ಲಿ ನಿಲ್ಲಿಸುವುದು ಹೇಗೆ? ಹಾಗಾಗಿ ಸಿಲಿಂಡರ್, ಅದರ ಎರಡು ತುದಿಗೂ ಗುಮ್ಮಟ. ಶಿರಾಡಿ ಘಾಟಿಯಲ್ಲಿ ನಮ್ಮ ಬಸ್ಸಿನ ಮುಂದೆ ತೆವಳುವ ಬುಲೆಟ್ ಟ್ಯಾಂಕರಿಗೆ ಬೈಯುತ್ತಿದ್ದೆಯಲ್ಲ, ಅದೂ ಇದೇ ಆಕಾರ, ಮಲಗಿಸಿದ್ದು ಅಷ್ಟೇ.

ಒಂದು ಸಣ್ಣ ಲೆಕ್ಕ ಮಾಡು, ನನಗೆ ತುಂಬ ಇಷ್ಟವಾದ ಲೆಕ್ಕ. ವ್ಯಾಸ 32 ಸೆಂ.ಮೀ., ಉಕ್ಕಿನ ದಪ್ಪ 3 ಮಿ.ಮೀ., ಒತ್ತಡ ಚದರ ಸೆಂ.ಮೀ.ಗೆ 5 ಕಿಲೋ ಅಂತ ಇಟ್ಟುಕೋ. ಉದ್ದಕ್ಕೆ ಸೀಳಿದೆ ಅಂದುಕೊಂಡರೆ, ಒಂದು ಸೆಂ.ಮೀ. ಎತ್ತರದ ಪಟ್ಟಿಯಲ್ಲಿ ಒತ್ತಡ ತಳ್ಳುವ ಜಾಗ 32 ಚದರ ಸೆಂ.ಮೀ., ಬಲ 160 ಕಿಲೋ. ತಡೆಯಲು ಎರಡು ಅಂಚು ಸೇರಿ ಉಕ್ಕು 0.6 ಚದರ ಸೆಂ.ಮೀ. ಅಂದರೆ ಚದರ ಸೆಂ.ಮೀ. ಉಕ್ಕಿಗೆ ಸುಮಾರು 267 ಕಿಲೋ. ಈಗ ನಡುವಿಗೆ ಅಡ್ಡ ಕತ್ತರಿಸು. ವೃತ್ತದ ವಿಸ್ತೀರ್ಣ 804, ಬಲ 4,020 ಕಿಲೋ. ತಡೆಯುವ ಉಕ್ಕು ಸುತ್ತಳತೆ ಗುಣಿಸು ದಪ್ಪ, ಸುಮಾರು 30.16 ಚದರ ಸೆಂ.ಮೀ. ಭಾಗಿಸಿದರೆ ಬಂದಿದ್ದು ಚದರ ಸೆಂ.ಮೀ.ಗೆ ಸುಮಾರು 133 ಕಿಲೋ. ಸರಿಯಾಗಿ ಅರ್ಧ! ವ್ಯಾಸ ಎಷ್ಟೇ ಇರಲಿ, ಒತ್ತಡ ಎಷ್ಟೇ ಇರಲಿ, ಈ ಅರ್ಧ ಬದಲಾಗಲ್ಲ.

ಈಗ ಹೋಗಿ ಸಿಲಿಂಡರಿನ ಹೊಟ್ಟೆಯ ಮೇಲೆ ಕೈಯಾಡಿಸು. ನಡುವಿನಲ್ಲಿ ಸುತ್ತಲೂ ಒಂದು ಉಬ್ಬುಗೆರೆ ಸಿಗುತ್ತದೆ. ಎರಡು ಉಕ್ಕಿನ ಬಟ್ಟಲು ಎದುರುಬದುರು ಇಟ್ಟು ಬೆಸುಗೆ ಹಾಕಿದ ಜಾಗ ಅದು. ಮೇಲಿಂದ ಕೆಳಗೆ ಬೆಸುಗೆ ಎಲ್ಲೂ ಇಲ್ಲ. ಎಳೆತ ಅರ್ಧ ಇರುವ ದಿಕ್ಕಿನಲ್ಲೇ ಜೋಡಿಸಿದ್ದಾರೆ, ನೋಡು!

ಎಷ್ಟು ಉಳಿದಿದೆ ಅಂತ ತಿಳಿಯಲು ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸು. ದ್ರವ ಇರುವಲ್ಲಿ ಗೋಡೆ ತಣ್ಣಗಿರುತ್ತದೆ, ತೇವ ನಿಧಾನವಾಗಿ ಆರುತ್ತದೆ, ಮೇಲ್ಭಾಗ ಬೇಗ ಒಣಗುತ್ತದೆ. ಇನ್ನೂ ಸರಿಯಾಗಿ ಬೇಕಿದ್ದರೆ ತೂಗಿಬಿಡು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಇರುತ್ತದೆ, ಕಳೆದರೆ ಆಯಿತು. ಹೊಸದು ಬಂದಾಗ ಮನೆ ಬಾಗಿಲಲ್ಲೇ ತೂಗಿಸಿಕೋ, ಸಂಕೋಚ ಬೇಡ. ಹಿಡಿಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿಯಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಇಸವಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್, ಮುಂದಿನ ಪರೀಕ್ಷೆಯ ಗಡುವು. ದಾಟಿದ್ದರೆ ವಾಪಸ್ ಕಳಿಸು.

ಅಪ್ಪ ಹಲಸಿನ ಹಪ್ಪಳ ಕಳಿಸಿದ್ದಾರೆ, ಕೊರಿಯರ್ ಈ ವಾರ ಬರಬಹುದು. ಕರಿಯುವಾಗ ಒಂದೇ ಬರ್ನರ್ ಹಚ್ಚು.

ಇಂತಿ,
ಅಮ್ಮ