ಸ್ನಾತಕೋತ್ತರ ಓದಿನ ಕುರಿತು ಶಿಕ್ಷಕ ಬಂಧುಗಳ ಗಮನಕ್ಕೆ

ಆತ್ಮೀಯ ಗುರುಬಳಗಕ್ಕೆ ನಮಸ್ಕಾರಗಳು.

ಮುಖ್ಯಶಿಕ್ಷಕರ ಹೊಣೆ ಹೊರುವ ಮುನ್ನ ಶಾಲಾ ನಾಯಕತ್ವ ಹಾಗೂ ಶೈಕ್ಷಣಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಓದು ಬೇಕೇ ಎಂದು ಹಲವರು ಕೇಳಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಬೇಕು ಎಂಬುದೇ ನನ್ನ ಅಭಿಪ್ರಾಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರಿಗೂ ಮುಖ್ಯಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿಯನ್ನು ಸೂಚಿಸಿದೆಯಾದರೂ, ಬಿಡಿಬಿಡಿಯಾದ ಆ ಗಂಟೆಗಳು ಒಂದು ಕ್ರಮಬದ್ಧ ವ್ಯಾಸಂಗಕ್ಕೆ ಸಾಟಿಯಾಗಲಾರವು.

ನನ್ನದೇ ಉದಾಹರಣೆ ಹೇಳುವುದಾದರೆ, ಹಿಂದೆ ನಾನಿದ್ದ ಶಾಲೆಯಲ್ಲಿ ಸ್ಮಾರ್ಟ್ ಟಿವಿಯ ರಿಮೋಟು ಕಪಾಟಿನಲ್ಲಿ, ಕಪಾಟಿನ ಕೀಲಿ ಮುಖ್ಯಶಿಕ್ಷಕರ ಕಿಸೆಯಲ್ಲಿ ಇರುತ್ತಿತ್ತು. ಅವರು ಸಭೆಗೆ ಹೋದ ದಿನ ಟಿವಿಗೂ ರಜೆ. ಕೊರತೆಯಿದ್ದದ್ದು ಯಂತ್ರದ್ದಲ್ಲ, ಅದನ್ನು ಯಾವ ತರಗತಿಗೆ, ಯಾವ ಪಾಠಕ್ಕೆ, ಯಾರ ಜವಾಬ್ದಾರಿಯಲ್ಲಿ ಬಳಸಬೇಕೆಂಬ ಯೋಜನೆಯದ್ದು. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದ ಪಾಠವನ್ನು ಮುಂಚಿತವಾಗಿ ಇಳಿಸಿಕೊಂಡು, ಕರೆಂಟು ಹೋಗುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ವೇಳಾಪಟ್ಟಿ ಹಾಕುವುದನ್ನು ನಾನು ಕಲಿತದ್ದು ಓದಿಗೆ ಸೇರಿದ ಮೇಲೆಯೇ.

ನೌಕರಿಯಲ್ಲಿದ್ದೇ ಓದಬಯಸುವವರು ವಿಜಯಪುರದಲ್ಲಿರುವ ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬಹುದು. ಪ್ರವೇಶಕ್ಕೆ ಮೊದಲು ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಆಸಕ್ತರು ಬರುವ ಭಾನುವಾರದೊಳಗೆ ತಮ್ಮ ಹೆಸರು ಹಾಗೂ ತಾಲ್ಲೂಕನ್ನು ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.