ಈ ಭಾನುವಾರ ಲಿಲ್ ನಾಸ್ ಎಕ್ಸ್

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಗುಂಪಿನ ಮಾತುಕತೆ ಅಮೆರಿಕದ ರ‍್ಯಾಪ್ ಗಾಯಕ ಲಿಲ್ ನಾಸ್ ಎಕ್ಸ್ ಬಗ್ಗೆ. ಬರುವ ಮುಂಚೆ ಆತನ ‘ಓಲ್ಡ್ ಟೌನ್ ರೋಡ್’ ಹಾಡು ಕೇಳಿರಿ. ರ‍್ಯಾಪ್ ನಮಗೆ ಒಗ್ಗಲ್ಲ ಅನ್ನುವ ಹಿರಿಯರೂ ಕೇಳಿ, ಮೂಲ ಹಾಡು ಎರಡು ನಿಮಿಷವೂ ಇಲ್ಲ.

ಹುಡುಗನ ನಿಜ ಹೆಸರು ಮೊಂಟೆರೊ ಲಮಾರ್ ಹಿಲ್. 1999ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದ. ಕಾಲೇಜು ಅರ್ಧಕ್ಕೇ ಬಿಟ್ಟ. ನೆದರ್ಲೆಂಡ್ಸ್‌ನ ಸಂಗೀತ ನಿರ್ಮಾಪಕ ಯಂಗ್‌ಕಿಯೊ ಮಾಡಿದ್ದ ಬೀಟನ್ನು (ಹಾಡಿನ ಹಿನ್ನೆಲೆ ಸಂಗೀತ) ಆನ್‌ಲೈನಲ್ಲಿ 30 ಡಾಲರಿಗೆ ಕೊಂಡು, 2018ರ ಡಿಸೆಂಬರಿನಲ್ಲಿ ಈ ಹಾಡು ಬಿಡುಗಡೆ ಮಾಡಿದ. ಅದರಲ್ಲಿ ಕೇಳುವ ಬ್ಯಾಂಜೊ ಎಂಬ ತಂತಿವಾದ್ಯದ ನಾದದ ಮೂಲ ನೈನ್ ಇಂಚ್ ನೇಲ್ಸ್ ಎಂಬ ರಾಕ್ ತಂಡದ್ದು! ಟಿಕ್‌ಟಾಕ್‌ನಲ್ಲಿ ಈ ಹಾಡಿಗೆ ಕೌಬಾಯ್ ವೇಷ ಹಾಕುವ ಹುಚ್ಚು ಜನರಿಗೆ ಹತ್ತಿತು.

ಚರ್ಚೆಗೆ ನಿಜವಾದ ವಿಷಯ ಇಲ್ಲಿದೆ. 2019ರ ಮಾರ್ಚಿನಲ್ಲಿ ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಅಮೆರಿಕದ ಪತ್ರಿಕೆ ಬಿಲ್‌ಬೋರ್ಡ್ ಈ ಹಾಡನ್ನು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸೊಗಡಿನ ಸಂಗೀತ) ಪಟ್ಟಿಯಿಂದ ತೆಗೆದುಹಾಕಿತು, ಇದರಲ್ಲಿ ಕಂಟ್ರಿಯ ಅಂಶ ಸಾಲದು ಅಂತ. ಕಪ್ಪು ಹುಡುಗ ಹಾಡಿದ್ದಕ್ಕೇ ಹೀಗಾಯಿತು ಎಂದು ಬಹಳ ಜನ ಸಿಟ್ಟಾದರು. ನನಗೂ ಹಾಗೇ ಅನಿಸುತ್ತದೆ. ಹಳೇ ಕಂಟ್ರಿ ಗಾಯಕ ಬಿಲ್ಲಿ ರೇ ಸೈರಸ್ ಜೊತೆಗೂಡಿದ ಮೇಲಂತೂ ಹಾಡು ಬಿಲ್‌ಬೋರ್ಡಿನ ಎಲ್ಲ ಬಗೆಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲನೇ ಸ್ಥಾನ ಬಿಡಲಿಲ್ಲ. ಹಿಂದಿನ ದಾಖಲೆ 16 ವಾರ. ಅದೇ ವರ್ಷದ ಜೂನಿನಲ್ಲಿ, ಹಾಡು ಮೇಲಿರುವಾಗಲೇ, ಲಿಲ್ ನಾಸ್ ಎಕ್ಸ್ ತಾನು ಗೇ ಎಂದು ಹೇಳಿಕೊಂಡ. ಆಮೇಲೆ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ, 2021ರಲ್ಲಿ ‘ಮೊಂಟೆರೊ’ ಆಲ್ಬಮ್.

ಸಂಜೆ 6ಕ್ಕೆ ಶುರು. ವಾಯ್ಸ್ ನೋಟ್ ಒಂದು ನಿಮಿಷ ಮೀರದಿರಲಿ. ಆತನ ಖಾಸಗಿ ಬದುಕಿನ ಬಗ್ಗೆ ಗೇಲಿಯ ಫಾರ್ವರ್ಡ್ ಬಂದರೆ ಅಳಿಸುತ್ತೇನೆ.